ಹಿಮ ಬಿದ್ದಾಗ ಸಲಿಕೆ ಯಾರ ಕೈಯಲ್ಲಿರುತ್ತೆ?



ವರ್ಗಾವಣೆಯಾಗಿ ಕೇಲಾಂಗ್‌ಗೆ ಬಂದ ಮೇಲೆ ಇದು ಎರಡನೇ ಚಳಿಗಾಲ. "ಅಣ್ಣಾ, ಹಿಮದ ಫೋಟೋ ಹಾಕು" ಅಂತ ಸುಮಾರು ಜನ ಕೇಳ್ತಿದ್ದೀರಿ. ಫೋಟೋದಲ್ಲಿ ಕಾಣದೇ ಇರೋದನ್ನ ಬರೀತೀನಿ, ಓದಿ.

ಕೇಲಾಂಗ್ ಅಂದ್ರೆ ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಕೇಂದ್ರ. 3,000 ಮೀಟರಿಗಿಂತ ಎತ್ತರದ ಊರು. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಶುರುವಾಗೋ ತನಕ, ಹಿಮ ಬಿದ್ದು ರೋಹ್ತಾಂಗ್ ದಾರಿ ಮುಚ್ಚಿದರೆ ತಿಂಗಳುಗಟ್ಟಲೆ ಮನಾಲಿ ಕಡೆಗೆ ರಸ್ತೆಯೇ ಇರ್ತಿರಲಿಲ್ಲ. ಕೋಲಾರದ ಬಿಸಿಲಲ್ಲಿ ಬೆಳೆದ ನನಗೆ ಇಲ್ಲಿ ನಡೆಯೋದನ್ನೂ ಹೊಸದಾಗಿ ಕಲೀಬೇಕಾಯ್ತು. ಒದ್ದೆ ಗದ್ದೆ ಬದುವಿನ ಮೇಲೆ ಹೋದ ಹಾಗೆ ಪುಟ್ಟ ಪುಟ್ಟ ಹೆಜ್ಜೆ, ಪಾದ ಪೂರ್ತಿ ಊರಿ. ರಾತ್ರಿ ನಲ್ಲಿಯನ್ನ ಸಣ್ಣಗೆ ತೊಟ್ಟಿಕ್ಕೋಕೆ ಬಿಡಬೇಕು, ಇಲ್ಲದಿದ್ರೆ ಪೈಪಲ್ಲೇ ನೀರು ಕಲ್ಲಾಗುತ್ತೆ. ಚಳಿ ಜಾಸ್ತಿಯಾದ್ರೆ ಹಾಗೆ ಬಿಟ್ಟರೂ ಆಗುತ್ತೆ. ಕೋಣೆಯ ನಡುವೆ ತಗಡಿನ ಒಲೆ, ಅದನ್ನ ತಂದೂರ್ ಅಂತಾರೆ. ಸಂಜೆಯಾದ್ರೆ ಮನೆಯವರೆಲ್ಲ ಅದರ ಸುತ್ತಲೇ.

ಇಲ್ಲಿನ ಹಳೇ ಮನೆಗಳದ್ದು ಮರ, ಮಣ್ಣಿನ ಚಪ್ಪಟೆ ಮಾಳಿಗೆ. ಬಿದ್ದ ಹಿಮವನ್ನ ಆವಾಗಾವಾಗ ತಳ್ಳದೇ ಇದ್ರೆ ಭಾರಕ್ಕೆ ಮಾಳಿಗೆ ಕುಸಿಯಬಹುದು, ಕರಗಿದ ನೀರು ಒಳಗೆ ಸೋರುತ್ತೆ. ಹೊಸ ಹಿಮ ಹತ್ತಿ ಥರ ಹಗುರ. ಒಂದೆರಡು ದಿನ ಬಿಟ್ಟರೆ ಸಲಿಕೆ ಎತ್ತೋಕೇ ಆಗಲ್ಲ. ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಓಣಿಯ ಮೇಷ್ಟ್ರು, ಅಂಗಡಿಯವರು, ನಮ್ಮ ಮನೆ ಒಡತಿ, ಎಲ್ಲರೂ ಸಲಿಕೆ ಹಿಡಿದು ಮಾಳಿಗೆ ಹತ್ತುತಾರೆ. "ಇದು ನಮ್ಮ ಕೆಲಸ ಅಲ್ಲ" ಅಂತ ಒಬ್ಬರೂ ಅಂದಿದ್ದು ನಾನು ಕೇಳಿಲ್ಲ.

ನನ್ನನ್ನ ಅಲುಗಾಡಿಸಿದ್ದು ಇನ್ನೊಂದು ಕೆಲಸ.

ನೀರು ಕಲ್ಲಾದ ಮೇಲೆ ಫ್ಲಶ್ ಇರೋ ಪಾಯಿಖಾನೆ ಇದ್ದೂ ಇಲ್ಲದ ಹಾಗೆ. ಅದಕ್ಕೇ ಹಳೇ ಮನೆಗಳಲ್ಲಿ ಒಣ ಪಾಯಿಖಾನೆ ಉಳ್ಕೊಂಡಿದೆ. ಮೇಲೊಂದು ಕೋಣೆ, ನೆಲದಲ್ಲಿ ತೂತು, ಕೆಳಗೆ ಗುಂಡಿಯಂಥ ಕತ್ತಲೆ ಕೋಣೆ. ಹೋಗಿ ಬಂದ ಮೇಲೆ ಮಣ್ಣು, ಬೂದಿ ಎಳೀಬೇಕು. ಹಿಮ ಕರಗಿದ ಮೇಲೆ ಅದೇ ಗೊಬ್ಬರ ಆಲೂಗಡ್ಡೆ, ಬಟಾಣಿ ಹೊಲಕ್ಕೆ. ಮೊದಲ ವರ್ಷ ಮನೆ ಒಡತಿಯನ್ನ ಕೇಳಿದೆ, "ದೀದಿ, ಇದನ್ನ ತೆಗೆಯೋಕೆ ಯಾರು ಬರ್ತಾರೆ?" ಆಯಮ್ಮನಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಯಾರು ಬರ್ತಾರೆ ಭಾಯಿ? ನಾವೇ ತೆಗೀತೀವಿ. ನಮ್ಮ ಮನೇದು, ನಮ್ಮ ಹೊಲಕ್ಕೆ."

ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಮ್ಮಜ್ಜಿ ಕೋಲಾರದ ಕಡೆ ಒಂದು ಪುರಸಭೆಯಲ್ಲಿ ತಲೆ ಮೇಲೆ ಮಲದ ಬುಟ್ಟಿ ಹೊತ್ತವಳು. 70ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಆ ಪದ್ಧತಿಯನ್ನ ನಿಷೇಧಿಸಿದರು. ಸಾಯೋ ತನಕ ಅಜ್ಜಿ ಅವರ ಹೆಸರು ಹೇಳ್ತಿದ್ಲು. ಆಮೇಲೆ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ನಡುವೆ 2010ರಲ್ಲಿ ಸವಣೂರಿನಲ್ಲಿ ನಮ್ಮ ಭಂಗಿ ಬಂಧುಗಳು ಮಲವನ್ನ ಮೈಮೇಲೆ ಸುರ್ಕೊಂಡು ಪ್ರತಿಭಟಿಸಬೇಕಾಯ್ತು. ಇವತ್ತಿಗೂ ಮ್ಯಾನ್‌ಹೋಲ್‌ಗೆ ಇಳಿದು ಸಾಯೋರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ.

"ಯಾರೋ ಒಬ್ಬರು ಮಾಡಲೇಬೇಕಲ್ವಾ?" ಅಂತ ನಮ್ಮ ಕಡೆ ಎಷ್ಟು ಜನ ಕೇಳಿದ್ದಾರೆ! ಮಾಡಲೇಬೇಕು, ಸರಿ. ಆ "ಯಾರೋ" ಯಾವಾಗ್ಲೂ ನಾವೇ ಯಾಕೆ? ಇಲ್ಲಿ ನೋಡಿ, ಅವರವರ ಹೇಲನ್ನ ಅವರವರೇ ತೆಗೀತಾರೆ, ಅದರಿಂದ ಯಾರ ಮರ್ಯಾದೆಯೂ ಹೋಗಿಲ್ಲ. ಗಲೀಜು ಅಂಟಿರೋದು ಕೆಲಸಕ್ಕಲ್ಲ, ಅದನ್ನ ಒಂದೇ ಕೇರಿಗೆ ಕಟ್ಟಿದ ವ್ಯವಸ್ಥೆಗೆ.

ಹಾಗಂತ ಇದೇನು ಸ್ವರ್ಗ ಅಂದ್ಕೋಬೇಡಿ. ಕಬ್ಬಿಣ ಬಡಿಯೋ ಲೋಹಾರರು, ವಾದ್ಯ ನುಡಿಸೋ ಹೇಸಿಗಳು ಈ ಕಣಿವೆಯಲ್ಲೂ ಕೆಳಗಿನವರೇ. ನಮ್ಮ ತಮಟೆಯವರ ಕಥೆಯೇ. ಬಾಡಿಗೆ ಕೋಣೆ ಹುಡುಕುವಾಗ ಒಂದು ಮನೇಲಿ "ನೀವು ಯಾವ ಜನ?" ಅಂದ್ರು. ಹೇಳಿದೆ. ಸಂಜೆ ಹೊತ್ತಿಗೆ ಆ ಕೋಣೆ "ಈಗಾಗಲೇ ಕೊಟ್ಟಾಯ್ತು." 1913ರಲ್ಲಿ ನ್ಯೂಯಾರ್ಕಿಗೆ ಓದೋಕೆ ಹೋದ ಬಾಬಾಸಾಹೇಬರು, ಹೊರದೇಶದಲ್ಲಿದ್ದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮರೆತುಹೋಗಿತ್ತು, ಬರೋಡಕ್ಕೆ ಬಂದಾಗ ತಂಗೋಕೆ ಜಾಗ ಸಿಗದೇ ಮತ್ತೆ ನೆನಪಾಯ್ತು ಅಂತ ಬರ್ಕೊಂಡಿದ್ದಾರೆ. ನನಗೆ ಮರೆಯೋಕೂ ಪುರುಸೊತ್ತು ಸಿಗಲಿಲ್ಲ, ದೇಶ ದಾಟಿರಲಿಲ್ಲವಲ್ಲ!

ರಸ್ತೆಯನ್ನೂ ನೋಡಿ. ಮಾಳಿಗೆಯ ಹಿಮ ಮನೆಯವರದ್ದು, ಹೆದ್ದಾರಿಯದ್ದು ಯಾರದ್ದು? ಯಂತ್ರದ ಹಿಂದೆ ಸಲಿಕೆ ಹಿಡಿದು ನಿಲ್ಲೋರು ದಿನಗೂಲಿಗಳು. ಈ ಎತ್ತರದ ರಸ್ತೆಗಳನ್ನ ಕಡಿದವರಲ್ಲಿ ಜಾರ್ಖಂಡಿನ ದುಮ್ಕಾ ಕಡೆಯ ಆದಿವಾಸಿಗಳು ಬಹಳ. ಪ್ರವಾಸಿಗರ ಫೋಟೋದಲ್ಲಿ ಬಿಳಿ ಬೆಟ್ಟ ಇರುತ್ತೆ, ಇವರು ಇರಲ್ಲ.

ಅದಕ್ಕೇ ಗೆಳೆಯರೇ, ಇನ್ನು ಮೇಲೆ ಯಾರಾದ್ರೂ "ಜಾತಿ ಎಲ್ಲಿದೆ ಈಗ?" ಅಂತ ವಾದಕ್ಕೆ ಬಂದ್ರೆ, ಉದ್ದ ಭಾಷಣ ಬೇಡ. ಅವರ ಮನೆ ಗುಂಡಿ ತುಂಬಿದಾಗ ಯಾರನ್ನ ಕರೀತಾರೆ ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರ ಬರೋ ತನಕ ಬಿಡಬೇಡಿ.

ಜೈಭೀಮ್.