ಸಂಗೀತದ ಮೇಷ್ಟ್ರು ಕನ್ನಡಿ ಉಜ್ಜಿದ ಮನೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಹೊರಟರೆ ಸುಮಾರು ಒಂದೂವರೆ ಗಂಟೆಗೆ ಬಾತ್ ಪಟ್ಟಣ ಸಿಗುತ್ತದೆ. ಜೇನುಬಣ್ಣದ ಕಲ್ಲುಕಟ್ಟಡಗಳ ಊರು. ಪ್ರವಾಸಿಗರೆಲ್ಲ ರೋಮನ್ನರ ಬಿಸಿನೀರಿನ ಕೊಳದತ್ತ ಧಾವಿಸುತ್ತಾರೆ. ವಿಜ್ಞಾನ ಓದುವ ಮಕ್ಕಳು ನೋಡಬೇಕಾದದ್ದು ನ್ಯೂ ಕಿಂಗ್ ಸ್ಟ್ರೀಟಿನ 19ನೇ ನಂಬರಿನ ಮನೆ. ಈಗ ಅದೊಂದು ವಸ್ತುಸಂಗ್ರಹಾಲಯ.

ಇಲ್ಲಿ ವಾಸವಿದ್ದವರು ವಿಲಿಯಂ ಹರ್ಷೆಲ್. 1738ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿದ ಇವರು ಬಾತ್‌ನ ಆಕ್ಟಗನ್ ಚಾಪೆಲಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಹಗಲೆಲ್ಲ ಸಂಗೀತ ಪಾಠ, ಸಂಜೆ ಕಚೇರಿ, ಹೊಟ್ಟೆಪಾಡು ಅದರಿಂದಲೇ. ಆಕಾಶ ನೋಡುವ ಹುಚ್ಚು ಹತ್ತಿದಾಗ ದೊಡ್ಡ ದೂರದರ್ಶಕ ಕೊಳ್ಳುವಷ್ಟು ಹಣವಿರಲಿಲ್ಲ. 1773ರಿಂದ ತಾವೇ ತಯಾರಿಸತೊಡಗಿದರು. ತಾಮ್ರ, ತವರ ಬೆರೆಸಿ ಎರಕ ಹೊಯ್ದು, ಆ ಲೋಹದ ಬಿಲ್ಲೆಯನ್ನು ಕೈಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಬೇಕು. ಒಮ್ಮೆ 16 ಗಂಟೆ ಕೈ ತೆಗೆಯದೆ ಉಜ್ಜಿದರಂತೆ. ತಂಗಿ ಕ್ಯಾರೊಲಿನ್ ಪಕ್ಕದಲ್ಲಿ ನಿಂತು ತುತ್ತು ತಿನ್ನಿಸಿದಳು.

1781ರ ಮಾರ್ಚ್ 13ರ ರಾತ್ರಿ ಇದೇ ಮನೆಯ ಹಿತ್ತಲಿನಿಂದ ಅವರು ಯುರೇನಸ್ ಗ್ರಹವನ್ನು ಕಂಡರು. ಮೊದಲು ಧೂಮಕೇತು ಎಂದುಕೊಂಡಿದ್ದರು. ಅದೇ ವರ್ಷ ಇನ್ನೂ ದೊಡ್ಡ ಕನ್ನಡಿಗೆ ಎರಕ ಹೊಯ್ಯುವಾಗ ಕಾದ ಲೋಹ ಸೋರಿ ಕಾರ್ಯಾಗಾರದ ನೆಲದ ಚಪ್ಪಡಿಗಳು ಸಿಡಿದವು. ಒಳಗಿದ್ದವರು ಎದ್ದುಬಿದ್ದು ಹೊರಗೋಡಿದರು. ಆ ಬಿರುಕುಗಳನ್ನು ಇಂದೂ ನೋಡಬಹುದು.

ಗಮನಿಸಿ, ಅಷ್ಟಾದರೂ ಅವರು ಸಂಗೀತ ಬಿಟ್ಟಿರಲಿಲ್ಲ. 1782ರಲ್ಲಿ ದೊರೆ 3ನೇ ಜಾರ್ಜ್ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ ಮೇಲಷ್ಟೇ ಊರು ಬಿಟ್ಟು, ಪೂರ್ಣಾವಧಿ ಖಗೋಳ ವಿಜ್ಞಾನಿಯಾದರು. ಅದು ಬಾತ್‌ನ ಸಂಪಾದನೆಗಿಂತ ಬಹಳ ಕಡಿಮೆ. ಮನೆ ನಡೆಯುವುದೆಂತು? ಕಲಿತ ಕೈಕೆಲಸವೇ ನೆರವಿಗೆ ಬಂತು. ದೂರದರ್ಶಕಗಳನ್ನು ಮಾಡಿ ಮಾರಿದರು. ಸ್ಪೇನಿನ ದೊರೆಯೂ ಗಿರಾಕಿಯಾದ. 1787ರಲ್ಲಿ ಕ್ಯಾರೊಲಿನ್‌ಗೂ ವರ್ಷಕ್ಕೆ 50 ಪೌಂಡ್ ಸಂಬಳವಾಯಿತು. 1789ರಲ್ಲಿ ಸ್ಲೌ ಎಂಬಲ್ಲಿ 40 ಅಡಿ ಉದ್ದದ ದೂರದರ್ಶಕ ಎದ್ದು ನಿಂತಿತು.

ಮಕ್ಕಳ ಹವ್ಯಾಸ ಕಂಡು ಗಾಬರಿಯಾಗುವ ತಂದೆತಾಯಿಗಳಿಗೂ, ನಾಳೆಯೇ ಓದು ಬಿಟ್ಟು ಹವ್ಯಾಸದ ಹಿಂದೆ ಹೋಗುತ್ತೇನೆನ್ನುವ ಮಕ್ಕಳಿಗೂ ಈ ಮನೆ ಒಂದೇ ಲೆಕ್ಕ ಹೇಳುತ್ತದೆ: ಉಪಕಸುಬು ಮುಖ್ಯ ಕಸುಬಾಗಲು ಒಂಬತ್ತು ವರ್ಷ ಹಿಡಿಯಿತು, ಅಲ್ಲಿಯವರೆಗೆ ಅದಕ್ಕೆ ಅನ್ನ ಹಾಕಿದ್ದು ಸಂಗೀತದ ಪಾಠ.