ಸುಮ್ಮನಿದ್ದರೂ ತಪ್ಪದ ಬಾಡಿಗೆ

ಪರವೂರಿನಲ್ಲಿ ಸಂಸಾರ ಹೂಡಿದ ನಮಗೆ ಜಮಾಖರ್ಚಿನ ಪಾಠ ಯಾರೂ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ಕೈಕಟ್ಟಿ ಕುಳಿತರೂ ಬಾಡಿಗೆ ತಪ್ಪದು. ದೇಹಕ್ಕೂ ಅಂಥದೊಂದು ಬಾಡಿಗೆಯುಂಟು. ಉಸಿರಾಟ, ಎದೆಬಡಿತ, ಮೈಯ ಶಾಖ: ಮಲಗಿದ್ದರೂ ಇವುಗಳ ಖರ್ಚು ನಿಲ್ಲದು. ವೈದ್ಯರು ಇದನ್ನು ವಿಶ್ರಾಂತಿಯ ಚಯಾಪಚಯ ದರವೆನ್ನುತ್ತಾರೆ.

ನಮ್ಮ ಮನೆಯಾಕೆಗೆ 52 ವರ್ಷ. ಎತ್ತರ 155 ಸೆಂ.ಮೀ., ತೂಕ 68 ಕಿಲೋ. 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಂತೆ ಆಕೆಯ ಬಾಡಿಗೆ ದಿನಕ್ಕೆ 1,228 ಕ್ಯಾಲೊರಿ, ಓಡಾಟಕ್ಕೆಂದು 1.4ರಿಂದ ಗುಣಿಸಿದರೆ ಸುಮಾರು 1,720. ಆಕೆ ಉಂಡದ್ದು 1,500. ಮೂರು ತಿಂಗಳಾದರೂ ತೂಕ ಅಲುಗಲಿಲ್ಲ. ಬಂದ ಹಿರಿಯ ನೆಂಟರೊಬ್ಬರು “ಕದ್ದು ತಿಂತೀಯೇನೇ?” ಎಂದು ನಕ್ಕರು. ಆಕೆ ನಗಲಿಲ್ಲ. ಅಂದು ರಾತ್ರಿ ಊಟಕ್ಕೂ ಏಳಲಿಲ್ಲ.

ಮರುವಾರವೇ ಅಳೆಯಿಸಿದೆವು. ರಾತ್ರಿಯಿಂದ ಉಪವಾಸ, ಬೆಳಗಿನ ಕಾಫಿಯೂ ಇಲ್ಲ. ನಮ್ಮವರಿಗೆ ಇದಕ್ಕಿಂತ ದೊಡ್ಡ ತಪಸ್ಸುಂಟೆ? ತಲೆಯ ಮೇಲೆ ಪಾರದರ್ಶಕ ಮುಚ್ಚಿಗೆಯಿಟ್ಟು ಮಲಗಿಸಿದರು. ಎಳೆದುಕೊಂಡ ಆಮ್ಲಜನಕವೆಷ್ಟು, ಬಿಟ್ಟ ಇಂಗಾಲಾಮ್ಲವೆಷ್ಟು ಎಂದು ಯಂತ್ರ ಕಾಲು ಗಂಟೆ ಅಳೆಯಿತು. ಬಂದ ಅಂಕಿ 1,080. ಓಡಾಟ ಸೇರಿದರೆ 1,510. ಉಂಡದ್ದಕ್ಕೂ ಕರಗಿದ್ದಕ್ಕೂ ಸರಿಸಮ! ಆಕೆ ಒಂದು ತುತ್ತನ್ನೂ ಕದ್ದಿರಲಿಲ್ಲ.

ಸೂತ್ರ ಸುಳ್ಳಲ್ಲ, ಅದು ಬೀದಿಯ ಸರಾಸರಿ ಬಾಡಿಗೆ. ಅಳತೆಯದು ನಮ್ಮ ಮನೆಯ ರಸೀದಿ. ತೂಕ, ಸ್ನಾಯು ಬದಲಾದಂತೆ ರಸೀದಿಯೂ ಬದಲಾದೀತು. ಓಡಾಟದ ಲೆಕ್ಕವಂತೂ ಇನ್ನೂ ಅಂದಾಜೇ. ಆದ್ದರಿಂದ ಊಟವನ್ನು ಮತ್ತೆ ಕತ್ತರಿಸದೆ, ಸಂಜೆಯ ನಡಿಗೆಯನ್ನು ಇಬ್ಬರೂ ಹೆಚ್ಚಿಸಿದ್ದೇವೆ.

ತೂಕವಿಳಿಯದವರ ತಟ್ಟೆಯನ್ನು ಶಂಕಿಸುವ ಮೊದಲು ಅವರ ಬಾಡಿಗೆಯನ್ನು ವಿಚಾರಿಸಿರೆಂದು ವಾಚಕರಲ್ಲಿ ನಮ್ಮ ವಿನಂತಿ.