ಗ್ರಾಮ್ ಪಾರ್ಸನ್ಸನ ಹಾಡು

ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದೆಣಿಸಿ ನಾವು ಅದನ್ನು ಬಹುಕಾಲ ಬೋರ್ಡಿಂಗಿನೊಳಗೆ ಬರಗೊಡಲಿಲ್ಲ. ಕಳೆದ ರಜೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಬಂದು, “ಅಮ್ಮಾ, ಇದನ್ನು ಪೂರ್ತಿ ಕೇಳಿದ ಮೇಲೆ ಬೈಯಿರಿ” ಎಂದು ಗ್ರಾಮ್ ಪಾರ್ಸನ್ಸ್ ಎಂಬ ಅಮೆರಿಕದ ಗಾಯಕನ ಹಾಡನ್ನು ಕೇಳಿಸಿದಳು. ಬೈಯಲು ನಮಗೆ ಬಾಯಿ ಬರಲಿಲ್ಲ.

ಈತನು 1946ರಲ್ಲಿ ಫ್ಲಾರಿಡಾದಲ್ಲಿ, ಕಿತ್ತಳೆ ತೋಟಗಳ ಸಿರಿವಂತ ಮನೆತನದಲ್ಲಿ ಹುಟ್ಟಿದವನು. 12ನೆಯ ವಯಸ್ಸಿನಲ್ಲಿ ತಂದೆಯನ್ನೂ, 1965ರಲ್ಲಿ ಪ್ರೌಢಶಾಲೆ ಮುಗಿಸಿದ ದಿನವೇ ತಾಯಿಯನ್ನೂ ಕಳೆದುಕೊಂಡನು. ಹಾರ್ವರ್ಡಿನಲ್ಲಿ ಕೆಲವೇ ತಿಂಗಳು ಇದ್ದು ಓದು ಬಿಟ್ಟನು. ಅವನ ಅಧ್ಯಾಪಕರ ಗೋಳನ್ನು ನಾವು ಬಲ್ಲೆವು.

ಆ ದೇಶದಲ್ಲಿ ಕಂಟ್ರಿ ಎಂದರೆ ಹಳ್ಳಿಗಾಡಿನವರ ಹಾಡು. ಅಂದು ಉದ್ದಗೂದಲಿನ ಯುವಕರು ಅದನ್ನು ಹಾಸ್ಯಮಾಡುವರು. ಅದನ್ನು ಮೆಚ್ಚುವವರು ಉದ್ದಗೂದಲನ್ನು ಕಂಡು ಮುಖ ತಿರುಗಿಸುವರು. ಪಾರ್ಸನ್ಸನಾದರೋ 1968ರಲ್ಲಿ ಬರ್ಡ್ಸ್ ಎಂಬ ಹೆಸರಾಂತ ರಾಕ್ ಮೇಳವನ್ನು ಸೇರಿ, ಅದನ್ನು ಕಂಟ್ರಿಯ ಕಡೆಗೆ ತಿರುಗಿಸುವುದರಲ್ಲಿ ಮುಖ್ಯನಾದನು. ನ್ಯಾಶ್‌ವಿಲ್ಲಿನ ಗ್ರ್ಯಾಂಡ್ ಓಲ್ ಆಪ್ರಿ ಕಂಟ್ರಿಯವರ ಪ್ರಸಿದ್ಧ ವೇದಿಕೆ. ಅಲ್ಲಿ ಇವರು ಹಾಡಲು ನಿಂತಾಗ ಸಭಿಕರು ಒಲಿಯಲಿಲ್ಲ. ಆಗ ಈ ಹುಡುಗನು, ಸಾರಿದ್ದ ಎರಡನೆಯ ಹಾಡನ್ನು ಬಿಟ್ಟು, ತಾನು ಮಿತ್ರನೊಡನೆ ಕಟ್ಟಿದ್ದ ‘ಹಿಕರಿ ವಿಂಡ್’ ಎಂಬುದನ್ನು ತನ್ನ ಅಜ್ಜಿಗೆಂದು ಹೇಳಿ ಹಾಡಿಬಿಟ್ಟನು. ಅಲ್ಲಿನ ವ್ಯವಸ್ಥಾಪಕರಿಗೆ ಕೋಪ ಬಂದಿತು. ನಾವಿದ್ದರೆ ನಮಗೂ ಬರುತ್ತಿತ್ತು. ಅದೇ ವರ್ಷ ಹೊರಬಂದ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ಧ್ವನಿಮುದ್ರಿಕೆಯೂ ಆಗ ಹೆಚ್ಚಾಗಿ ಮಾರಾಟವಾಗಲಿಲ್ಲ.

ಅವನು ಹಳ್ಳಿಯ ಹಾಡನ್ನು ವೇಷವೆಂದು ತೊಡಲಿಲ್ಲ. ಕಳೆದುಹೋದ ಮನೆಯನ್ನು ಹುಡುಕುವವನಂತೆ ಹಾಡಿದನು. ನಮ್ಮ ಕಿವಿಗೆ ತೋರಿದ್ದು ಇಷ್ಟೇ.

ಅವನ ಕಡೆಯ ಎರಡು ಮುದ್ರಿಕೆಗಳಲ್ಲಿ ಎಮ್ಮಿಲೂ ಹ್ಯಾರಿಸ್ ಎಂಬಾಕೆಯ ಧ್ವನಿ ಜೊತೆಗೂಡಿದೆ. ನಮ್ಮ ಗಾಯನ ಮೇಳದಲ್ಲಿ ಎರಡನೆಯ ಧ್ವನಿ ತನಗೆ ಬೇಡವೆಂದು ಮುಖ ಊದಿಸಿಕೊಳ್ಳುವ ಹುಡುಗಿಯರನ್ನು ಎಷ್ಟೋ ಮಂದಿ ಕಂಡಿದ್ದೇವೆ. ಅವರು ಇದನ್ನು ಕೇಳಲಿ. ಆಕೆ ಅವನನ್ನು ಮೀರುವುದೂ ಇಲ್ಲ, ಅವನ ಹಿಂದೆ ಅಡಗುವುದೂ ಇಲ್ಲ. ಮಾದಕ ವಸ್ತು ಮತ್ತು ಮದ್ಯದ ದೆಸೆಯಿಂದ ಪಾರ್ಸನ್ಸನು 1973ರ ಸೆಪ್ಟೆಂಬರ್ 19ರಂದು, ಕೇವಲ 26 ವರುಷದವನಾಗಿ ತೀರಿಕೊಂಡನು. ತರುವಾಯ ಆಕೆಯೇ ಅವನ ಹಾಡುಗಳನ್ನು ಊರೂರಿಗೆ ಕೊಂಡೊಯ್ದರು. 2008ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮಿನಲ್ಲಿ ಅವರಿಗೆ ಸ್ಥಾನ ದೊರೆಯಿತು.

ಈಗ ಕೆಲವು ಶನಿವಾರಗಳ ಸಂಜೆ ಹಿರಿಯ ತರಗತಿಯವರಿಗೆ ‘ಹಿಕರಿ ವಿಂಡ್’ ಕೇಳಿಸುತ್ತೇವೆ. ಅವನು ಸತ್ತ ಬಗೆಯನ್ನೂ ಮುಚ್ಚಿಡದೆ ಹೇಳುತ್ತೇವೆ. ಒಬ್ಬ ತಂದೆಯವರು ಆಕ್ಷೇಪಿಸಿ ಕಾಗದ ಬರೆದಿದ್ದಾರೆ. ಮುಂದಿನ ಶನಿವಾರ ಬಂದು ಮಗಳ ಪಕ್ಕದಲ್ಲಿ ಕುಳಿತು ಕೇಳಬೇಕೆಂದು ಅವರಿಗೆ ಉತ್ತರ ಕಳುಹಿಸಿದ್ದೇವೆ.